ತಿದಿ, ಇದ್ದಿಲು ಬಸ್ಸು ಮತ್ತು ಒಂದು ಹಳದಿ ದೀಪ



ಕಳೆದ ಸಂಕ್ರಾಂತಿಗೆ ನನ್ನ ತಂಗಿಯ ಮಗನು ಬೆಂಗಳೂರಿನಿಂದ ತಾಯಲೂರಿಗೆ ತನ್ನ ಕಾರಿನಲ್ಲಿ ಬಂದು ನಾಲ್ಕು ದಿನ ನಮ್ಮಲ್ಲಿ ತಂಗಿದ್ದನು. ಟರ್ಬೊ ಇರುವ ಪೆಟ್ರೋಲ್ ಕಾರು. ಕೊಂಡ ದಿನದಿಂದಲೂ ಅವನಿಗೆ ಅದರದೇ ಮಾತು. ನಮ್ಮ ಬೀದಿ ಕಿರಿದಾದ್ದರಿಂದ ಅದನ್ನು ಹಿತ್ತಿಲಿನಲ್ಲಿ ರಾಗಿಹುಲ್ಲಿನ ಮೆದೆಯ ಪಕ್ಕಕ್ಕೆ ನಿಲ್ಲಿಸಿದೆವು. (ಈ ವಿವರವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.) ಹಬ್ಬ ಮುಗಿಸಿ ಹಿಂದಿರುಗುವಾಗ ನರಸಾಪುರ ದಾಟುವಷ್ಟರಲ್ಲಿ ಎದುರಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ ‘ಪಿ 0171’ ಎಂಬ ಸಂಕೇತವನ್ನು ಓದಿ ಹೇಳಿದರು: ಮಿಶ್ರಣ ಲೀನ್ ಆಗಿದೆ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರನ್ನು ಬದಲಿಸಿದರು. ಎರಡು ದಿನದಲ್ಲಿ ದೀಪ ಮತ್ತೆ ಹತ್ತಿತು. ಇನ್ನು ಪೆಟ್ರೋಲ್ ಪಂಪು ಬದಲಿಸಬೇಕು ಎಂದು ದೊಡ್ಡ ಮೊತ್ತದ ಅಂದಾಜುಪಟ್ಟಿ ಕೊಟ್ಟರು.

ಆ ರಾತ್ರಿ ಅವನು ದೂರವಾಣಿ ಮಾಡಿ, “ಮಾವ, ನೀವು ವಿಜ್ಞಾನದ ಮೇಷ್ಟ್ರಲ್ಲವೆ? ಗಾಳಿ ಹೆಚ್ಚಾಗಿದೆ ಅಂತಾರೆ. ಗಾಳಿ ಹೆಚ್ಚಾದರೆ ಚೆನ್ನಾಗಿ ಉರಿಯಬೇಕು ತಾನೆ? ಅದರಿಂದ ಎಂಜಿನ್ನಿಗೆ ಏನು ಕೆಡುಕು?” ಎಂದು ಕೇಳಿದನು.

ಈ ಪ್ರಶ್ನೆಯನ್ನು ನಾನು ಹಿಂದೆ ಒಮ್ಮೆ ಕೇಳಿಸಿಕೊಂಡಿದ್ದೆ. ನಾನು ಕೆಲಸಕ್ಕೆ ಸೇರಿ ಬಹಳ ವರ್ಷವಾಗಿರಲಿಲ್ಲ. ದಹನಕ್ರಿಯೆಯ ಪಾಠ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಗಾಳಿ ಇದ್ದರೆ ಬೆಂಕಿ, ಗಾಳಿ ಇಲ್ಲದಿದ್ದರೆ ಬೆಂಕಿಯಿಲ್ಲ ಎಂದು ತೋರಿಸಿದ್ದೆ. ಹಿಂದಿನ ಬೆಂಚಿನಿಂದ ಕಮ್ಮಾರರ ಮನೆಯ ಹುಡುಗನೊಬ್ಬ ಎದ್ದುನಿಂತು, “ಸಾರ್, ನಮ್ಮಪ್ಪ ತಿದಿ ಒತ್ತಿದಷ್ಟೂ ಕುಲುಮೆ ಹೆಚ್ಚು ಉರಿಯುತ್ತದೆ. ಆದರೆ ತೋಟದ ಮೋಟಾರಿಗೆ ಗಾಳಿ ಹೆಚ್ಚಾದರೆ ಕೆಮ್ಮಿ ನಿಂತುಹೋಗುತ್ತದೆ. ಯಾಕೆ?” ಎಂದನು. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿರಲಿಲ್ಲ. “ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತ್ಕೊ” ಎಂದು ಗದರಿಸಿ ಕುಳ್ಳಿರಿಸಿದೆ. ಆ ವರ್ಷವೆಲ್ಲ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಈ ಲೇಖನ ಅವನಿಗೆ ಸಲ್ಲಬೇಕಾದ ಉತ್ತರ; ತಡವಾಗಿದೆ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿಗೆ ತೂಕವೆ ಎಂದು ನಗಬೇಡಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಒಂದು ಲೀಟರ್ ಪೆಟ್ರೋಲನ್ನು ಸರಿಯಾಗಿ ಉರಿಸಲು ಹತ್ತು ಸಾವಿರ ಲೀಟರಿನಷ್ಟು ಗಾಳಿಯನ್ನು ಎಂಜಿನ್ ಸೇದಬೇಕಾಗುತ್ತದೆ. ಅಂದರೆ ಹತ್ತಡಿ ಚೌಕದ ಕೋಣೆಯೊಂದರ ಗಾಳಿಯಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು. ಈ ಪ್ರಮಾಣಕ್ಕಿಂತ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಅದು ತೆಳು ಮಿಶ್ರಣ, ಮೆಕ್ಯಾನಿಕ್ಕರ ಮಾತಿನಲ್ಲಿ ಲೀನ್. ಪೆಟ್ರೋಲ್ ಹೆಚ್ಚಾದರೆ ದಟ್ಟ ಮಿಶ್ರಣ, ರಿಚ್. (ಡೀಸೆಲ್ ಎಂಜಿನ್ನಿನ ಧರ್ಮವೇ ಬೇರೆ. ಅದು ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯನ್ನು ಸೇದಿಯೇ ನಡೆಯುತ್ತದೆ. ಟ್ರ್ಯಾಕ್ಟರ್ ಇರುವ ಬಂಧುಗಳು ಗಾಬರಿಯಾಗಬೇಕಾಗಿಲ್ಲ.)

ಈ ಗಾಳಿಯ ಲೆಕ್ಕದ ತೊಂದರೆಯನ್ನು ನಮ್ಮ ಜನ ಕಾರು ಕೊಳ್ಳುವುದಕ್ಕೂ ಎಷ್ಟೋ ಮೊದಲೇ ಅನುಭವಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಎಣ್ಣೆಬಾವಿಗಳೂ ಕೈಬಿಟ್ಟುಹೋದ ಮೇಲಂತೂ ಅಭಾವ ತೀವ್ರವಾಯಿತು. ಮೈಸೂರು ಸೀಮೆಯ ರಸ್ತೆಗಳಲ್ಲಿ ಆಗ ಓಡುತ್ತಿದ್ದವು ಖಾಸಗಿಯವರ ಬಸ್ಸುಗಳು. ಸರ್ಕಾರಿ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾದದ್ದು 1948ರ ಸೆಪ್ಟೆಂಬರಿನಲ್ಲಿ. ಖಾಸಗಿಯವರು ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಉರುಳೆಯೊಂದನ್ನು ಕಟ್ಟಿ ಅದರಲ್ಲಿ ಇದ್ದಿಲು ತುಂಬಿ ಓಡಿಸಲಾರಂಭಿಸಿದರು. ನಮ್ಮ ತಂದೆಯವರು ಮುಳಬಾಗಿಲಿನಿಂದ ಕೋಲಾರಕ್ಕೆ ಇಂತಹ ಬಸ್ಸಿನಲ್ಲಿ ಹೋಗಿಬಂದದ್ದನ್ನು ಸಾಯುವವರೆಗೂ ವರ್ಣಿಸುತ್ತಿದ್ದರು. ಹೊರಡುವ ಮೊದಲು ಕ್ಲೀನರನು ಉರುಳೆಯ ಕೆಳಗಿನ ಗಾಳಿಚಕ್ರದ ಹಿಡಿಯನ್ನು ಕಾಲುಗಂಟೆ ತಿರುಗಿಸಬೇಕು. ಆತನ ಮುಖವೆಲ್ಲ ಮಸಿ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕು. ಚಾರ್ಜು ಕೊಟ್ಟು ತಳ್ಳುವುದು ಯಾವ ನ್ಯಾಯ ಎಂದು ಜಗಳವಾಡಿದವರೂ ಇದ್ದರಂತೆ.

ಅದರ ಒಳಗಿನ ಕೆಲಸ ಹೀಗೆ. ಇದ್ದಿಲಿಗೆ ಬೇಕಾದಷ್ಟು ಗಾಳಿ ಕೊಡದೆ ಅರೆಹೊಟ್ಟೆಯಲ್ಲಿಟ್ಟು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದನ್ನು ಶೋಧಿಸಿ, ತಂಪುಮಾಡಿ, ಹೆಚ್ಚುಕಡಿಮೆ ಅದರಷ್ಟೇ ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಕೊಡುತ್ತಿದ್ದರು. ಬೆರೆಸುವ ಗಾಳಿಯ ಅಳತೆಗೆ ಡ್ರೈವರನ ಕೈಯಲ್ಲಿ ಒಂದು ಸಣ್ಣ ಹಿಡಿ. ಅದನ್ನು ಆತ ದಾರಿಯುದ್ದಕ್ಕೂ ಹಿಂದೆ ಮುಂದೆ ಸರಿಸುತ್ತಲೇ ಇರಬೇಕು. ಎಂಜಿನ್ನಿನ ದನಿಯೊಂದೇ ಆತನಿಗೆ ಮಾರ್ಗದರ್ಶಿ. ಉರುಳೆಯ ಮುಚ್ಚಳ ಸರಿಯಾಗಿ ಕೂರದಿದ್ದರೂ ಕೊಳವೆಯ ಒಂದು ಬೆಸುಗೆ ಸಡಿಲವಾದರೂ ಲೆಕ್ಕಕ್ಕೆ ಬಾರದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ ಬಸ್ಸು ಮುಗ್ಗರಿಸುತ್ತಿತ್ತು. ಆಗ ಒಳ್ಳೆಯ ಡ್ರೈವರನು ಇದ್ದಿಲನ್ನು ದೂರುತ್ತಿರಲಿಲ್ಲ. ಇಳಿದು ಒಂದೊಂದೇ ಕೀಲಿನ ಬಳಿ ಕೈ ಹಿಡಿದು ನೋಡುತ್ತಿದ್ದನು ಎಂದು ತಂದೆಯವರು ಹೇಳಿದ ನೆನಪು. (ಈ ವಿದ್ಯೆ ಅಲ್ಲಿಗೇ ಕೊನೆಗೊಳ್ಳಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಸೌದೆಯಿಂದ ಇಂತಹುದೇ ಅನಿಲವನ್ನು ತಯಾರಿಸಿ, ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ವಿದ್ಯುತ್ ಒದಗಿಸಿದರು.)

ಯುದ್ಧ ಮುಗಿದು ಪೆಟ್ರೋಲ್ ಮರಳಿ ಬಂದಿತು. ಗಾಳಿಯ ಅಳತೆಯ ಕೆಲಸ ಮತ್ತೆ ಕಾರ್ಬ್ಯುರೇಟರಿನ ಪಾಲಾಯಿತು. ಅದು ಗಾಳಿಯ ರಭಸವನ್ನು ನೋಡಿ ಪೆಟ್ರೋಲ್ ಬಿಡುತ್ತಿತ್ತೇ ಹೊರತು ತೂಕವನ್ನಲ್ಲ. ನಮ್ಮ ಸೀಮೆಯವರಿಗೆ ಇದರ ಒಂದು ವಿಶೇಷ ಫಲವಿತ್ತು. ಮುಳಬಾಗಿಲಿನಿಂದ ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿದು ಮದರಾಸಿಗೆ ಹೋಗುವ ವಾಹನವು ತೆಳುಗಾಳಿಯಿಂದ ದಟ್ಟಗಾಳಿಗೆ ಇಳಿಯುತ್ತದೆ. ಇಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬ್ಯುರೇಟರು ಅಲ್ಲಿ ನೂರಕ್ಕೆ ನಾಲ್ಕೈದರಷ್ಟು ತೆಳು ಮಿಶ್ರಣ ಕೊಡುತ್ತದೆ. ಮೇಲೇರಿ ಬರುವ ವಾಹನಕ್ಕೆ ಇದರ ವಿರುದ್ಧ: ಕಪ್ಪು ಹೊಗೆ, ಪೆಟ್ರೋಲಿನ ವಾಸನೆ.

ಗಾಳಿ ತೆಳುವಾದಲ್ಲಿ ಎಂಜಿನ್ನಿಗೆ ತಿದಿ ಕಟ್ಟಬಾರದೇಕೆ ಎಂಬ ಯೋಚನೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಖಿ ಎಂಬ ಎಂಜಿನಿಯರಿಗೆ. ಎಂಜಿನ್ ಹೊರಗೆ ಕಾರುವ ಬಿಸಿಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿಗೆ ಕೂಡಿಸಿದ ಇನ್ನೊಂದು ಚಕ್ರದಿಂದ ಹೊಸ ಗಾಳಿಯನ್ನು ಒಳಕ್ಕೆ ತುರುಕುವ ಈ ಉಪಾಯಕ್ಕೆ 1905ರಲ್ಲಿ ಆತ ಹಕ್ಕುಪತ್ರ ಕೋರಿದನು. ಇದೇ ಟರ್ಬೊ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ಇಂತಹ ತಿದಿ ಕಟ್ಟಿದ ವಿಮಾನದ ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಕೊಂಡು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೋದನು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದೊಡನೆ 356ಕ್ಕೆ ಏರಿತು.

ಈ ಯಂತ್ರ ನಮ್ಮವರ ಕೈಗೆ ಬಂದ ಕಥೆ ನನಗೆ ಬಹಳ ಪ್ರಿಯವಾದದ್ದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ಆಗ ದಿವಾನರು. ಯುದ್ಧ ಬಿರುಸಾಗಲು 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಗಿ, ಪೂರ್ವದ ರಣರಂಗದ ವಿಮಾನಗಳಿಗೆಲ್ಲ ಅದು ರಿಪೇರಿಯ ನೆಲೆಯಾಯಿತು. ಯುದ್ಧಾನಂತರ ಲಿಬರೇಟರ್ ಎಂಬ ಬಿ-24 ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಮತ್ತಾರಿಗೂ ಉಪಯೋಗವಾಗದಂತೆ ಕೆಡಿಸಿ ಗುಜರಿಯಾಗಿ ಬಿಟ್ಟುಹೋಗಿದ್ದರು. ಅವುಗಳನ್ನು ಮತ್ತೆ ಹಾರಿಸಲಾಗದೆಂದು ವಿದೇಶೀ ತಜ್ಞರ ಅಭಿಪ್ರಾಯವಾಗಿತ್ತು. ಎಚ್.ಎ.ಎಲ್. ನವರು ಒಪ್ಪಿಕೊಳ್ಳಲಿಲ್ಲ. ಹಾರಲು ಬೇಕಾದಷ್ಟನ್ನು ಮಾತ್ರ ಅಲ್ಲೇ ಸರಿಪಡಿಸಿ, ಜಮ್ಶೆಡ್ ಮುನ್ಷಿ ಎಂಬ ಪೈಲಟರು ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಅವುಗಳನ್ನು ಬಿಚ್ಚಿ ಕಟ್ಟಿದರು. 1948ರ ನವೆಂಬರಿನಲ್ಲಿ ಮೊದಲ ವಿಮಾನಗಳು ವಾಯುಪಡೆಯನ್ನು ಸೇರಿದವು. ಒಟ್ಟು ನಲವತ್ತಕ್ಕೂ ಹೆಚ್ಚು. ಕೊನೆಯವು ನಿವೃತ್ತಿಯಾದದ್ದು 1968ರ ಡಿಸೆಂಬರಿನಲ್ಲಿ. ಅವುಗಳಲ್ಲೊಂದು 1974ರಲ್ಲಿ ಇಂಗ್ಲೆಂಡಿಗೆ ಹಾರಿಹೋಗಿ ಅಲ್ಲಿನ ವಾಯುಪಡೆಯ ವಸ್ತುಸಂಗ್ರಹಾಲಯವನ್ನು ಸೇರಿದೆ.

ಒಂದೊಂದು ಲಿಬರೇಟರಿಗೆ ನಾಲ್ಕು ಎಂಜಿನ್. ಪ್ರತಿ ಎಂಜಿನ್ನಿಗೆ ಹದಿನಾಲ್ಕು ಸಿಲಿಂಡರ್, 1200 ಅಶ್ವಶಕ್ತಿ, ಕೆಳಗಡೆ ಒಂದು ಟರ್ಬೊ. ನನ್ನ ಸೋದರಮಾವನವರು 1950ರ ದಶಕದಲ್ಲಿ ಎಚ್.ಎ.ಎಲ್. ನಲ್ಲಿ ಫಿಟ್ಟರ್ ಆಗಿದ್ದರು. ಬೇಸಿಗೆ ರಜೆಯಲ್ಲಿ ವಿಮಾನಪುರದ ಹತ್ತಿರದ ಅವರ ಬಾಡಿಗೆ ಮನೆಗೆ ಹೋದಾಗ ಊಟದ ಹೊತ್ತಿನಲ್ಲಿ ಎಂಜಿನ್ನಿನ ಪುರಾಣವೇ ನಡೆಯುತ್ತಿತ್ತು. ಪೈಲಟನ ಬಳಿ ಮಿಶ್ರಣಕ್ಕೆಂದೇ ಪ್ರತಿ ಎಂಜಿನ್ನಿಗೆ ಒಂದೊಂದು ಹಿಡಿ ಇತ್ತು ಎಂಬುದನ್ನು ಅವರಿಂದಲೇ ಕೇಳಿದ್ದು: ಮೇಲೇರುವಾಗ ದಟ್ಟ, ಸಮಗತಿಯಲ್ಲಿ ಹಾರುವಾಗ ಪೆಟ್ರೋಲ್ ಉಳಿತಾಯಕ್ಕೆ ತೆಳು. “ಏರುವಾಗ ಮರೆತು ತೆಳುವಿನಲ್ಲಿ ಬಿಟ್ಟರೆ ಏನಾಗುತ್ತೆ ಗೊತ್ತೇನೋ ಅಳಿಯ? ಪಿಸ್ಟನ್ನಿನ ನೆತ್ತಿ ತೂತು!” ಎಂದು ತಟ್ಟೆಯಲ್ಲಿದ್ದ ರಾಗಿಮುದ್ದೆಗೆ ಹೆಬ್ಬೆರಳಿನಿಂದ ಕುಳಿಮಾಡಿ ತೋರಿಸಿದ್ದರು. ಆ ಕುಳಿಗೆ ಸಾರು ಹಾಕಿಕೊಂಡು ಊಟ ಮುಂದುವರಿಸಿದರು. ಏಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದು ಕೇಳಿದ್ದರೆ ಆ ಹುಡುಗನನ್ನು ಗದರಿಸುವ ಪ್ರಸಂಗ ಬರುತ್ತಿರಲಿಲ್ಲ.

ಕಾರಣ ಇದು. ಕುಲುಮೆಯಲ್ಲಿ ಇದ್ದಿಲಿಗೆ ಕೊರತೆಯಿಲ್ಲ, ಕೊರತೆಯಿರುವುದು ಗಾಳಿಗೆ. ಆದ್ದರಿಂದ ತಿದಿ ಒತ್ತಿದಷ್ಟೂ ಉರಿ ಹೆಚ್ಚುತ್ತದೆ. ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲ್ ಅಳೆದು ಹಾಕಿದ್ದು. ಹೆಚ್ಚಾದ ಗಾಳಿಗೆ ಉರಿಸಲು ಏನೂ ಸಿಗದೆ ಅದು ಬರಿದೆ ಕಾದು ಹೊರಗೆ ಹೋಗುತ್ತದೆ. ಪೆಟ್ರೋಲಿನ ಕಣಗಳು ವಿರಳವಾದ್ದರಿಂದ ಜ್ವಾಲೆ ನಿಧಾನವಾಗಿ ಹರಡುತ್ತದೆ. ಮುಂದಿನ ಸರದಿಯ ಗಾಳಿಗೆ ಬಾಗಿಲು ತೆರೆಯುವ ಹೊತ್ತಿಗೂ ಒಳಗೆ ಕಿಡಿ ಉಳಿದಿದ್ದರೆ ಅದು ಕಾರ್ಬ್ಯುರೇಟರಿನ ಕಡೆಗೆ ‘ಪಟ್’ ಎಂದು ಹಿಮ್ಮೊಗವಾಗಿ ಸಿಡಿಯುತ್ತದೆ. ತೋಟದ ಮೋಟಾರಿನ ಕೆಮ್ಮು ಇದೇ. ಇನ್ನು ಸುಡುವ ವಿಷಯ. ಅತಿಯಾಗಿ ತೆಳುವಾದ ಎಂಜಿನ್ ಸೊರಗಿ ತಣ್ಣಗಾಗುತ್ತದೆಯೇ ಹೊರತು ಸುಡುವುದಿಲ್ಲ. ಅಪಾಯವಿರುವುದು ಭಾರ ಎಳೆಯುವಾಗ. ಟರ್ಬೊ ತುರುಕಿದ ಗಾಳಿಯ ಒತ್ತಡದಲ್ಲಿ ಶಾಖ ಮೊದಲೇ ಅಧಿಕ. ಅದನ್ನು ತಣಿಸಲೆಂದೇ ಆಗ ಲೆಕ್ಕಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುವಂತೆ ಎಂಜಿನ್ನನ್ನು ರೂಪಿಸಿರುತ್ತಾರೆ. ಉರಿಯದೆ ಆವಿಯಾಗುವ ಆ ಪೆಟ್ರೋಲೇ ತಂಪು ನೀಡುವುದು. ಅದು ಬಾರದೆಹೋದರೆ ಮಿಶ್ರಣ ತಾನಾಗಿ ಸಿಡಿದು ಲೋಹವನ್ನು ತಿನ್ನುತ್ತದೆ. ಮಾವನವರ ಮುದ್ದೆಯ ಕುಳಿ ಅದು.

ಹಳೆಯ ಮೆಕ್ಯಾನಿಕ್ಕರು ಮಿಶ್ರಣವನ್ನು ಸ್ಪಾರ್ಕ್ ಪ್ಲಗ್ಗಿನ ಮೂತಿ ನೋಡಿ ಹೇಳುತ್ತಿದ್ದರು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಕಂಪನಿ ಸ್ಥಾಪನೆಯಾದ ಮೇಲೆ (2008ರಿಂದ ಅದರ ಹೆಸರು ಬಾಷ್) ನಮ್ಮ ಊರಿನ ಸ್ಕೂಟರು ಮೋಟಾರುಗಳಲ್ಲೆಲ್ಲ ಮೈಕೊ ಪ್ಲಗ್ಗೇ. ಬಿಚ್ಚಿದಾಗ ಮೂತಿ ಕಾಫಿಪುಡಿಯ ಬಣ್ಣವಿದ್ದರೆ ಸರಿ, ಕಾಡಿಗೆಯಂತಿದ್ದರೆ ದಟ್ಟ, ವಿಭೂತಿಯಂತೆ ಬೆಳ್ಳಗಿದ್ದರೆ ತೆಳು. ಇದಕ್ಕಿಂತ ಸುಲಭವಾದ ಪಾಠ ನಾನಂತೂ ಮಾಡಿಲ್ಲ.

ಇದೇ ಬಾಷ್ ಸಂಸ್ಥೆಯವರು ಜರ್ಮನಿಯಲ್ಲಿ ರೂಪಿಸಿದ ಆಕ್ಸಿಜನ್ ಸೆನ್ಸರ್ ಮೊದಲು ಕಾರಿಗೆ ಬಂದದ್ದು 1976ರಲ್ಲಿ, ವೋಲ್ವೊ ಕಾರಿನಲ್ಲಿ. (ಹೊಸಕೋಟೆಯ ಬಳಿ ಬಸ್ಸು ತಯಾರಾಗುವುದೂ ಅದೇ ಹೆಸರಿನಲ್ಲಿ.) ಜಿರ್ಕೋನಿಯಾ ಎಂಬ ಪಿಂಗಾಣಿಯ ತುಣುಕು ಹೊಗೆಯಲ್ಲಿ ಕಾದು ಕುಳಿತು ಅಲ್ಲಿ ಉಳಿದ ಆಮ್ಲಜನಕವನ್ನು ಮೂಸುತ್ತದೆ. ಉಳಿದಿದ್ದರೆ 0.1 ವೋಲ್ಟಿನ ಆಸುಪಾಸು, ಇಲ್ಲದಿದ್ದರೆ 0.9 ವೋಲ್ಟಿನಷ್ಟು ವಿದ್ಯುತ್ ಒತ್ತಡ ತೋರುತ್ತದೆ. ಇಂದಿನ ಟರ್ಬೊ ಕಾರುಗಳಲ್ಲಿ ಇನ್ನೂ ಸೂಕ್ಷ್ಮವಾದ ಬಗೆ ಇದೆ. ಎಂಜಿನ್ನಿನ ಕಂಪ್ಯೂಟರು ಅದನ್ನೋದಿ ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ. ಹೀಗೆ ಸೇರಿಸುವುದು ಒಂದು ಮಿತಿ ಮೀರಿದರೆ ಹಳದಿ ದೀಪ ಹಚ್ಚುತ್ತದೆ. ನಮ್ಮ ದೇಶದ ಕಾರುಗಳಿಗೆ ಈ ಸ್ವಯಂ ತಪಾಸಣೆ ಕಡ್ಡಾಯವಾದದ್ದು 2010 ಮತ್ತು 2013ರಲ್ಲಿ, ಎರಡು ಹಂತಗಳಲ್ಲಿ. 2023ರಿಂದ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಲೆಕ್ಕವೂ ಬದಲಾಗಿದೆ: 14.7ರ ಬದಲಿಗೆ ಸುಮಾರು 13.5. ಹಳೆಯ ಕಾರುಗಳು ಮೊದಲೇ ತುಸು ತೆಳುವಿನ ಅಂಚಿನಲ್ಲಿ ಓಡುತ್ತಿರುತ್ತವೆ. ಸಣ್ಣ ಲೋಪವೂ ದೀಪ ಹಚ್ಚಲು ಸಾಕು.

ಸೆನ್ಸರ್ ಒಂದು ಸಾಕ್ಷಿ ಮಾತ್ರ. ಗಾಳಿ ಉಳಿದಿದೆ ಎಂದು ಅದು ನುಡಿಯುತ್ತದೆ. ಯಾರ ತಪ್ಪೆಂದು ಹೇಳಲಾರದು. ನನ್ನ ತಂಗಿಯ ಮಗನ ಕಾರಿನಲ್ಲಿ ನಿಜ ಹೇಳಿದ ಸಾಕ್ಷಿಗೇ ಶಿಕ್ಷೆಯಾಗಿತ್ತು.

“ಪಂಪು ಬದಲಿಸಬೇಡ, ಒಮ್ಮೆ ಇಲ್ಲಿಗೆ ಬಾ, ನಿಧಾನವಾಗಿ ಓಡಿಸಿಕೊಂಡು ಬಾ” ಎಂದೆ. ಮುಳಬಾಗಿಲಿನ ಪರಿಚಯದ ಮೆಕ್ಯಾನಿಕ್ ಬಳಿಗೆ ಹೋದೆವು. ಆತ ಸಂಕೇತವನ್ನು ಓದಿ ಸುಮ್ಮನಾಗಲಿಲ್ಲ. ಕಂಪ್ಯೂಟರು ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಎಂದು ನೋಡಿದನು. ನಿಂತಲ್ಲಿ ನಿಧಾನವಾಗಿ ತಿರುಗುವಾಗ ನೂರಕ್ಕೆ 24 ಹೆಚ್ಚು. ವೇಗವನ್ನು 3000 ಸುತ್ತಿಗೆ ಏರಿಸಿದರೆ ಕೇವಲ 6. “ಪಂಪು ಸೋತಿದ್ದರೆ ವೇಗ ಹೆಚ್ಚಿದಾಗ ಕೊರತೆ ಹೆಚ್ಚಬೇಕು ಮೇಷ್ಟ್ರೇ. ಇದು ಉಲ್ಟಾ. ಎಲ್ಲೋ ಕಳ್ಳಗಾಳಿ ಸೇರುತ್ತಿದೆ” ಎಂದನು. ಕಳ್ಳಗಾಳಿ! ಕಾರು ಪ್ರವೇಶದಲ್ಲಿ ಗಾಳಿಯನ್ನು ಅಳೆಯುತ್ತದೆ. ಅಲ್ಲಿಂದಾಚೆ ತೂತಿನಿಂದ ನುಸುಳಿದ್ದು ಲೆಕ್ಕಕ್ಕಿಲ್ಲ. ನಿಧಾನಗತಿಯಲ್ಲಿ ಒಟ್ಟು ಗಾಳಿಯೇ ಕಡಿಮೆಯಾದ್ದರಿಂದ ಅದರ ಪಾಲು ದೊಡ್ಡದು. ಟರ್ಬೊ ಕಾರಿನಲ್ಲಿ ಅದೇ ತೂತಿಗೆ ಇನ್ನೊಂದು ಮುಖವಿದೆ: ಎಂಜಿನ್ ನಿಧಾನವಾಗಿರುವಾಗ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ, ತಿದಿ ಒತ್ತಿದಾಗ ಅಳೆದ ಗಾಳಿಯನ್ನು ಹೊರಗುಗುಳುತ್ತದೆ. ಏರಿನಲ್ಲಿ ‘ಸುಯ್’ ಎಂಬ ಸದ್ದು ಬರುತ್ತಿತ್ತು, ಎಳೆತವೂ ಕುಗ್ಗಿತ್ತು ಎಂದು ಹುಡುಗ ಆಗ ಬಾಯಿಬಿಟ್ಟನು. ಬೆಂಗಳೂರಿನಲ್ಲಿ ಯಾರೂ ಅವನನ್ನು ಕೇಳಿರಲಿಲ್ಲವಂತೆ.

ಎಂಜಿನ್ ನಿಲ್ಲಿಸಿ, ಗಾಳಿಯ ಕೊಳವೆಯೊಳಕ್ಕೆ ಹೊಗೆ ಊದಿದರು. ಎರಡು ನಿಮಿಷದಲ್ಲಿ ಎಂಜಿನ್ನಿನ ಹಿಂಬದಿಯ ಒಂದು ಸಣ್ಣ ರಬ್ಬರ್ ಕೊಳವೆಯಿಂದ ಊದುಬತ್ತಿಯಂತೆ ಎಳೆಯೊಂದು ಮೇಲೆದ್ದಿತು. ಬಿಚ್ಚಿ ನೋಡಿದರೆ ಎರಡು ಹಲ್ಲಿನ ಗುರುತು. ಪಕ್ಕದಲ್ಲಿಯೇ ನಾಲ್ಕಾರು ಎಳೆ ರಾಗಿಹುಲ್ಲು.

ನಮ್ಮ ಹಿತ್ತಿಲಿನ ಇಲಿ! ತಂಗಿಯ ಮಗನು ನನ್ನ ಮುಖ ನೋಡಿದನು. ನಾನು ಕೊಳವೆಯನ್ನು ನೋಡಿದೆ. ಹೊಸ ಕೊಳವೆಯ ಹಣವನ್ನು ನಾನೇ ಕೊಟ್ಟೆ. ಸಂಜೆಗೆ ದೀಪ ಆರಿತು, ಮತ್ತೆ ಹತ್ತಿಲ್ಲ. ಈಗ ಕಾರು ಬಂದರೆ ದೇವಸ್ಥಾನದ ಮುಂದಿನ ಬಯಲಿನಲ್ಲಿ ನಿಲ್ಲಿಸುತ್ತಾನೆ.

ಕಮ್ಮಾರರ ಮನೆಯ ಆ ಹುಡುಗನಿಗೂ ಈಗ ಅರವತ್ತರ ಹತ್ತಿರವಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ಅಥವಾ ನಿನ್ನನ್ನು ಬಲ್ಲ ಸಹಪಾಠಿಗಳು ಓದುತ್ತಿದ್ದರೆ, ನನಗೊಂದು ಸಾಲು ಬರೆ. ನಿಮ್ಮ ತಂದೆಯವರು ತಿದಿ ಒತ್ತುತ್ತಲೇ ಕಬ್ಬಿಣದ ಬಣ್ಣ ನೋಡಿ ಯಾವ ಘಳಿಗೆಯಲ್ಲಿ ನಿಲ್ಲಿಸುತ್ತಿದ್ದರು ಎಂದು ನಿನ್ನಿಂದ ಕೇಳಿ ತಿಳಿಯುವ ಆಸೆಯಿದೆ.